ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ನೆಟ್ ಓಡುತ್ತದೆಯೇ?

ಹುಣಸೂರಿನ ಮೊಬೈಲ್ ಅಂಗಡಿಗೆ ಕರೆನ್ಸಿ ಹಾಕಿಸಲು ಹೋದವರಿಗೆ ಎದುರಾಗುವ ಪ್ರಶ್ನೆ ಸರಳ: 299ರದ್ದೋ, 349ರದ್ದೋ? 2024ರ ಜುಲೈನಲ್ಲಿ ದರ ಏರಿದಾಗ ಜಿಯೋದ 28 ದಿನದ ಎರಡು ಪ್ಯಾಕ್‌ಗಳು ಬಂದು ನಿಂತ ಬೆಲೆಗಳಿವು. ಮೊದಲನೆಯದರಲ್ಲಿ ದಿನಕ್ಕೆ ಒಂದೂವರೆ ಜಿಬಿ. ಎರಡನೆಯದರಲ್ಲಿ 2 ಜಿಬಿ, ಮೇಲೆ ಮಿತಿಯಿಲ್ಲದ 5ಜಿ. ಏರ್‌ಟೆಲ್ ಕೂಡ ಆಗ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ದೊಡ್ಡ ಪ್ಯಾಕ್‌ಗಳಿಗೆ ಸೀಮಿತಗೊಳಿಸಿತು. ವ್ಯತ್ಯಾಸ ಬರೀ 50 ರೂಪಾಯಿ ಅನ್ನಿಸಬಹುದು. ಆದರೆ 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಒಂದು ಫೋನಿಗೆ 650, ಮನೆಯಲ್ಲಿ ನಾಲ್ಕು ಫೋನಿದ್ದರೆ 2,600 ರೂಪಾಯಿ.

ಇಷ್ಟು ಕೊಟ್ಟರೆ ವೇಗ ಸಿಗುತ್ತದೆಂದು ಬಹುತೇಕರ ನಂಬಿಕೆ. ಕಂಪನಿ ಆ ಮಾತು ಕೊಟ್ಟೇ ಇರುವುದಿಲ್ಲ. ಮನೆಗೆ ಫೈಬರ್ ಹಾಕಿಸಿದರೆ 30 ಎಂಬಿಪಿಎಸ್, 100 ಎಂಬಿಪಿಎಸ್ ಎಂದು ವೇಗಕ್ಕೇ ಬೆಲೆ ಕಟ್ಟುತ್ತಾರೆ. ಮೊಬೈಲ್ ಪ್ಯಾಕಿನ ವಿವರದಲ್ಲಿ ಸಾಮಾನ್ಯವಾಗಿ ಕಾಣುವ ವೇಗ ಒಂದೇ, ಅದೂ ಸಣ್ಣ ಅಕ್ಷರದಲ್ಲಿ: ದಿನದ ಮಿತಿ ಮುಗಿದ ಮೇಲೆ 64 ಕೆಬಿಪಿಎಸ್. ಅಂದರೆ ನಾವು ದುಡ್ಡು ಕೊಡುವುದು ಅಳತೆಗೆ. ವೇಗ ಎಷ್ಟೆಂಬುದು ಟವರಿನಲ್ಲಿ ತೀರ್ಮಾನವಾಗುತ್ತದೆ.

ಟವರ್ ಎಷ್ಟು ಕೊಡಬಲ್ಲದು ಎಂಬುದಕ್ಕೆ ಒಂದು ಗಣಿತದ ಮಿತಿಯಿದೆ. ಅಮೆರಿಕದ ಕ್ಲಾಡ್ ಶಾನನ್ 1948ರಲ್ಲಿ ಅದನ್ನು ಸೂತ್ರಕ್ಕಿಳಿಸಿದ. ವೇಗ ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ಬಳಸುವ ತರಂಗಪಟ್ಟಿ ಎಷ್ಟು ಅಗಲ. ಇನ್ನೊಂದು, ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಪಟ್ಟು ಬಲ. ಪಟ್ಟಿ ಎರಡರಷ್ಟಾದರೆ ವೇಗವೂ ಎರಡರಷ್ಟು. ಸಿಗ್ನಲ್‌ನ ವಿಷಯದಲ್ಲಿ ಇಷ್ಟು ಔದಾರ್ಯವಿಲ್ಲ. ಸಿಗ್ನಲ್ ಗದ್ದಲದ 15 ಪಟ್ಟು ಇದ್ದಾಗ 10 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ ಸೆಕೆಂಡಿಗೆ 40 ಮೆಗಾಬಿಟ್ ಸಾಗಬಹುದು. ಸಿಗ್ನಲ್ ಗದ್ದಲದ 31 ಪಟ್ಟಾದರೂ ಅದು 50ಕ್ಕೆ ನಿಲ್ಲುತ್ತದೆ. ಫೋನಿನ ಮೂಲೆಯಲ್ಲಿ ಎರಡು ಕಡ್ಡಿಯ ಬದಲು ನಾಲ್ಕು ಕಡ್ಡಿ ಬಂದರೂ ನೆಟ್ ಅಷ್ಟೇನೂ ಚುರುಕಾಗದಿರಲು ಇದೊಂದು ಕಾರಣ.

ಇಲ್ಲೇ 5ಜಿಯ ಗುಟ್ಟಿದೆ. 2022ರ ಹರಾಜಿನಲ್ಲಿ ಜಿಯೋ ಎರಡು ತೀರಾ ಬೇರೆ ಬಗೆಯ ಪಟ್ಟಿಗಳನ್ನು ಕೊಂಡಿತು: 3,300 ಮೆಗಾಹರ್ಟ್ಸ್ ಆಸುಪಾಸಿನಲ್ಲಿ 100 ಮೆಗಾಹರ್ಟ್ಸ್ ಅಗಲದ್ದು, 700 ಮೆಗಾಹರ್ಟ್ಸ್‌ನಲ್ಲಿ 10 ಅಗಲದ್ದು. ಮೊದಲನೆಯದು ಅಗಲ, ಆದರೆ ಅದರ ಅಲೆಗಳು ಬರೀ ಎಂಟೊಂಬತ್ತು ಸೆಂಟಿಮೀಟರ್ ಉದ್ದ. ಗೋಡೆ, ತೋಟ, ಎಲೆಯೊಳಗಿನ ನೀರು ಎಲ್ಲವೂ ಅವನ್ನು ನುಂಗುತ್ತವೆ. ಎರಡನೆಯದರ ಅಲೆ ಸುಮಾರು 40 ಸೆಂಟಿಮೀಟರ್ ಉದ್ದ. ಮರ ದಾಟಿ, ಗೋಡೆ ತೂರಿ ದೂರ ಹೋಗುತ್ತದೆ, ಆದರೆ ಹೊರಬಲ್ಲದ್ದು ಕಡಿಮೆ. ನಾಗರಹೊಳೆಯ ಅಂಚಿನ ವೀರನಹೊಸಹಳ್ಳಿಯಂಥ ಕಡೆ ಎಲೆ ತುಂಬಿದ ಮಳೆಗಾಲದಲ್ಲಿ ಯಾವ ಅಲೆ ಗೆಲ್ಲುತ್ತದೆಂದು ಬೇರೆ ಹೇಳಬೇಕಿಲ್ಲ. ಎರಡರಲ್ಲಿ ಯಾವುದು ಬಂದರೂ ಫೋನಿನ ಮೇಲೆ ಮೂಡುವುದು ಅದೇ '5ಜಿ'. ಸಾಮರ್ಥ್ಯದಲ್ಲಿ ಮಾತ್ರ ಹಲವು ಪಟ್ಟು ಅಂತರ, ಕೊಟ್ಟ ದುಡ್ಡು ಒಂದೇ.

ಇನ್ನು ಹಂಚಿಕೆ. ಟವರಿನ ಒಂದು ದಿಕ್ಕಿನ ಆಂಟೆನಾ ಹಾರಂಗಿಯ ಉಪನಾಲೆ ಇದ್ದಂತೆ. ಮೇಲಿನವರೆಲ್ಲ ಒಟ್ಟಿಗೆ ತೂಬು ತೆಗೆದರೆ ಕೊನೆ ಭಾಗದ ಗದ್ದೆಗೆ ಹನಿ. 40 ಮೆಗಾಬಿಟ್‌ನಲ್ಲಿ ನಲವತ್ತು ಜನ ಏಕಕಾಲಕ್ಕೆ ವಿಡಿಯೊ ತೆರೆದರೆ ತಲೆಗೆ ಒಂದು ಮೆಗಾಬಿಟ್. ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ನಿಂತು ಎತ್ತಿನ ಜೋಡಿಯ ವಿಡಿಯೊ ಕಳಿಸಲು ಒದ್ದಾಡುವವರು ಪ್ಯಾಕ್ ಬದಲಿಸಿ ಪ್ರಯೋಜನವಿಲ್ಲ. ಸಾಲದ್ದಕ್ಕೆ, ಟವರಿನಿಂದ ಹಿಂದಕ್ಕೆ ಫೈಬರ್ ಎಳೆಯದೆ ಇನ್ನೊಂದು ಟವರಿಗೆ ಮೈಕ್ರೋವೇವ್ ತಟ್ಟೆಯಲ್ಲಿ ಸಂಪರ್ಕ ಕೊಟ್ಟಿದ್ದರೆ, ಅಲ್ಲೂ ಒಂದು ಇಕ್ಕಟ್ಟು.

ಹಾಗಾದರೆ ವೇಗಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಎಲ್ಲ ವೇಗಕ್ಕೂ ಒಂದೇ ಬೆಲೆಯಲ್ಲ. ಮಗಳ ಶಾಲೆಯ ಗುಂಪಿಗೆ 3 ಎಂಬಿಯ ನೋಟ್ಸ್ ಬಂದಿದೆ ಎನ್ನಿ. 64 ಕೆಬಿಪಿಎಸ್‌ನಲ್ಲಿ ಅದು ಇಳಿಯಲು ಆರು ನಿಮಿಷಕ್ಕೂ ಹೆಚ್ಚು ಬೇಕು. 2 ಎಂಬಿಪಿಎಸ್‌ನಲ್ಲಿ 12 ಸೆಕೆಂಡು, 50 ಎಂಬಿಪಿಎಸ್‌ನಲ್ಲಿ ಅರ್ಧ ಸೆಕೆಂಡು. ಮೊದಲ ಜಿಗಿತದಲ್ಲಿ ಉಳಿದದ್ದು ಆರು ನಿಮಿಷ. ಅದಕ್ಕಿಂತ ಎಷ್ಟೋ ದೊಡ್ಡದಾದ ಎರಡನೆಯ ಜಿಗಿತದಲ್ಲಿ ಹನ್ನೊಂದೂವರೆ ಸೆಕೆಂಡು. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ನಿಗದಿ ಮಾಡಿತು. ಅಲ್ಲಿಯವರೆಗೆ ಅದು 512 ಕೆಬಿಪಿಎಸ್ ಇತ್ತು. ಹೊಗೆಸೊಪ್ಪಿನ ಹರಾಜಿನ ದಿನದ ದರ ನೋಡುವುದಕ್ಕೆ, ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ಗೊಬ್ಬರದ ದುಡ್ಡು ಕಳಿಸುವುದಕ್ಕೆ ಅಷ್ಟೂ ಬೇಡ. ಅವಕ್ಕೆ ಬೇಕಾದದ್ದು ಕಡಿದುಹೋಗದ ಸಂಪರ್ಕ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ನೆಟ್ಟಗೆ ಕರೆಯೂ ಸಿಗದ ಆದಿವಾಸಿ ಹಾಡಿಗೆ ಮೊದಲ 4ಜಿ ಬಂದರೆ ಆಗುವ ಲಾಭ, ಮೈಸೂರಿನವರು 4ಜಿಯಿಂದ 5ಜಿಗೆ ಹಾರಿದಾಗ ಆಗುವುದಕ್ಕಿಂತ ಬಹಳ ದೊಡ್ಡದು. 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯನ್ನು 'ಈಗ 4ಜಿಯೇ?' ಎಂದು ನಕ್ಕವರು ಪೇಟೆಯವರೇ ಇರಬೇಕು.

ವೇಗಕ್ಕೆ ಇನ್ನೊಂದು ಚಾಳಿಯಿದೆ. ನೆಟ್ ಚುರುಕಾದಷ್ಟೂ ವಿಡಿಯೊ ಆ್ಯಪ್‌ಗಳು ತಾವಾಗಿಯೇ ಚಿತ್ರದ ಗುಣಮಟ್ಟ ಏರಿಸುತ್ತವೆ. ಸೆಕೆಂಡಿಗೆ ಒಂದು ಮೆಗಾಬಿಟ್ ತಿನ್ನುವ 480ಪಿ ಗುಣಮಟ್ಟದ ಚಿತ್ರದಲ್ಲಿ ಒಂದೂವರೆ ಜಿಬಿ ಮೂರು ಗಂಟೆ ಇಪ್ಪತ್ತು ನಿಮಿಷ ಬರುತ್ತದೆ. ಐದು ಮೆಗಾಬಿಟ್‌ನ 1080ರಲ್ಲಿ ನಲವತ್ತೇ ನಿಮಿಷ. ಅಂಗೈಯಗಲದ ಪರದೆಯಲ್ಲಿ ಈ ಎರಡರ ವ್ಯತ್ಯಾಸ ಕಾಣುವುದು ಅಷ್ಟಕ್ಕಷ್ಟೇ. ಸಂಜೆ ಹೊತ್ತಿಗೆ 'ನೆಟ್ ಖಾಲಿ' ಎನ್ನುವವರು ಆ್ಯಪ್‌ನ ಸೆಟ್ಟಿಂಗ್‌ನಲ್ಲಿ 480ಕ್ಕೆ ಇಳಿಸಿ ನೋಡಬಹುದು, ಅದಕ್ಕೆ ಖರ್ಚಿಲ್ಲ.

ನನ್ನ ಲೆಕ್ಕದಲ್ಲಿ 349ರ ಪ್ಯಾಕ್ ಸಾರ್ಥಕವಾಗುವುದು, ಮನೆಯೊಳಗೇ ಅಗಲ ಪಟ್ಟಿಯ 5ಜಿ ಸಿಗುವ, ಫೋನೂ 5ಜಿಯದೇ ಆದ, ಹಾಟ್‌ಸ್ಪಾಟ್ ಹಾಕಿ ಇಬ್ಬರು ಮೂವರು ಹಂಚಿಕೊಳ್ಳುವ ಕಡೆ. ಅಲ್ಲಿ ನಿಜವಾಗಿ ಸಿಗುವುದು ವೇಗಕ್ಕಿಂತ ಮಿತಿಯಿಲ್ಲದ ಅಳತೆ. ಪಿರಿಯಾಪಟ್ಟಣದ ಹೊಲದ ಮನೆಯಲ್ಲಿ 5ಜಿ ಬಂದು ಹೋಗಿ ಮಾಡುತ್ತಿದ್ದರೆ ಆ ಐವತ್ತು ರೂಪಾಯಿ ಟೀ ಬೋಂಡಕ್ಕೇ ಇರಲಿ. ಕೊಳ್ಳುವ ಮೊದಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಅಳೆದರೆ ಸಾಕು. ಎರಡು ಅಂಕಿಗಳ ನಡುವೆ ಭಾರಿ ಅಂತರವಿದ್ದರೆ ತೊಂದರೆ ಹೆಚ್ಚಾಗಿ ಜನಸಂದಣಿಯದು, ಪ್ಯಾಕಿನದಲ್ಲ. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಬೇಕೆಂಬ ನಿಯಮವೂ ಬಂದಿದೆ. ನಂಬರ್ ಪೋರ್ಟ್ ಮಾಡಿಸುವ ಮುನ್ನ ನಿಮ್ಮೂರು ಆ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ.

ಬರೀ ಮಾತಾಡಲು ಫೋನ್ ಇಟ್ಟುಕೊಂಡ ಅಜ್ಜ ಅಜ್ಜಿಯರಿಗಂತೂ ಡೇಟಾ ಪ್ಯಾಕೇ ಬೇಡ. ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಪ್ರತ್ಯೇಕ ಪ್ಯಾಕ್ ಇಡಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು, ಮರುತಿಂಗಳೇ ಖಾಸಗಿ ಕಂಪನಿಗಳು 84 ದಿನದಂಥ ಪ್ಯಾಕ್‌ಗಳನ್ನು ತಂದವು. ಅಂಗಡಿಯಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು, ಅಷ್ಟೆ.