ಕಿವಿಯಿಂದ ಎಣಿಸುವ ಹಕ್ಕಿ

ಇಂಗ್ಲೆಂಡಿನ ಸಫೋಕ್ ಕರಾವಳಿಯ ಮಿನ್ಸ್‌ಮಿಯರ್ ಪಕ್ಷಿಧಾಮದಲ್ಲಿ ಬಿಟರ್ನ್ ಕಣ್ಣಿಗೆ ಬಿದ್ದರೆ ಅದೃಷ್ಟ. ಬಕದ ಕುಟುಂಬದ ಈ ಹಕ್ಕಿಯ ಮೈಯೆಲ್ಲ ಒಣಜೊಂಡಿನ ಬಣ್ಣ, ಎದೆಯ ಮೇಲೆ ಉದ್ದುದ್ದ ಗೀರು. ಅಪಾಯ ಕಂಡರೆ ಕೊಕ್ಕನ್ನು ಆಕಾಶಕ್ಕೆತ್ತಿ ನಿಂತುಬಿಡುತ್ತದೆ; ಗಾಳಿಗೆ ಜೊಂಡು ತೂಗಿದರೆ ತಾನೂ ತೂಗುತ್ತದೆ. ಎದುರಿಗೇ ಇದ್ದರೂ ಬೈನಾಕ್ಯುಲರ್ ಹಿಡಿದವರಿಗೆ ಕಾಣುವುದು ಬರೀ ಜೊಂಡು.

ಹಾಗಾಗಿ ಇದನ್ನು ಎಣಿಸುವುದು ಕಿವಿಯಿಂದ. ವಸಂತದಲ್ಲಿ ಗಂಡು ಬಿಟರ್ನ್ ಗಾಳಿ ಎಳೆದುಕೊಂಡು ಅನ್ನನಾಳವನ್ನು ಉಬ್ಬಿಸಿ, ಖಾಲಿ ಕೊಡದ ಬಾಯಿಗೆ ಊದಿದಂಥ ಸದ್ದು ಹೊರಡಿಸುತ್ತದೆ. ಇಷ್ಟು ತಗ್ಗಿದ ದನಿಯ ಅಲೆಗಳು ಬಲು ಉದ್ದ. ಸಪೂರ ಜೊಂಡಿನ ಕಡ್ಡಿಗಳು ಅವನ್ನು ಚದುರಿಸಲಾರವು. ಮೂರು ನಾಲ್ಕು ಕಿಲೋಮೀಟರ್ ಆಚೆಗೂ ಕೇಳುತ್ತದೆ. ನಸುಕಿನಲ್ಲಿ ಹಲವರು ಬೇರೆಬೇರೆ ಕಡೆ ನಿಂತು, ಕೂಗು ಬಂದ ಹೊತ್ತನ್ನೂ ದಿಕ್ಕನ್ನೂ ಬರೆದುಕೊಂಡು, ಆಮೇಲೆ ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ಗೆರೆಗಳು ಕೂಡಿದಲ್ಲಿ ಒಂದು ಗಂಡು! ಒಂದೊಂದರ ದನಿಯೂ ಒಂದೊಂದು ಬಗೆ; ಧ್ವನಿಮುದ್ರಣವನ್ನು ವಿಶ್ಲೇಷಿಸಿದರೆ ಕೂಗಿದ್ದು ಯಾವುದೆಂದು ಹೇಳಬಹುದು.

1997ರಲ್ಲಿ ಇಡೀ ಬ್ರಿಟನ್ನಿನಲ್ಲಿ ಸಿಕ್ಕ ಕೂಗುವ ಗಂಡುಗಳು ಕೇವಲ 11. ಕಾರಣ, ಅವು ಬದುಕುವ ಜೊಂಡುಗಾಡುಗಳು ಒಣಗುತ್ತಿದ್ದವು. ಜೊಂಡು ತನ್ನ ನೆಲವನ್ನು ತಾನೇ ಎತ್ತರಿಸಿಕೊಳ್ಳುವ ಗಿಡ: ವರ್ಷವರ್ಷವೂ ಸತ್ತ ಎಲೆ, ಕಡ್ಡಿ ಬುಡದಲ್ಲೇ ಪೇರುತ್ತವೆ, ನೀರು ಆಳ ಕಳೆದುಕೊಳ್ಳುತ್ತದೆ, ಮೀನು ಒಳಗೆ ಬರಲಾರದು, ಕೊನೆಗೆ ವಿಲ್ಲೋ ಪೊದೆ ಬೇರೂರುತ್ತದೆ. ಮಿನ್ಸ್‌ಮಿಯರ್‌ನ ಜೊಂಡುಗಾಡು ಬೆಳೆದದ್ದೇ 1940ರಲ್ಲಿ ಜರ್ಮನ್ ದಾಳಿಗೆ ಹೆದರಿ ಅಲ್ಲಿನ ತಗ್ಗು ಹೊಲಗಳಿಗೆ ನೀರು ನುಗ್ಗಿಸಿದ್ದರಿಂದ. ಅರ್ಧ ಶತಮಾನದಲ್ಲಿ ಅಲ್ಲೂ ಕಸ ತುಂಬಿತ್ತು. ಪಕ್ಷಿಧಾಮ ನಡೆಸುವ ಆರ್‌ಎಸ್‌ಪಿಬಿ ಸಂಸ್ಥೆ ಯಂತ್ರ ಇಳಿಸಿ ನೆಲ ತಗ್ಗಿಸಿತು, ನೀರು ಏರಿಸಿತು. ಪ್ರಕೃತಿಯನ್ನು ಅದರ ಪಾಡಿಗೆ ಬಿಡಿ ಎನ್ನುವವರಿಗೆ ಇದು ಕಸಿವಿಸಿ ಉಂಟುಮಾಡಬಹುದು. ಆದರೆ ಬ್ರಿಟನ್ನಿನಲ್ಲಿ ಈಗ ಕೂಗುವ ಗಂಡುಗಳ ಸಂಖ್ಯೆ 200 ದಾಟಿದೆ.

ನಮ್ಮ ಕೆರೆಗಳ ಜೊಂಡಿನಲ್ಲೂ ಇದರ ಚಿಕ್ಕ ಬಂಧುಗಳಾದ ಹಳದಿ ಬಿಟರ್ನ್, ಕೆಂಗಂದು ಬಿಟರ್ನ್ ಇವೆ. ಕೆರೆ ಸ್ವಚ್ಛತೆಯ ಹೆಸರಲ್ಲಿ ಜೆಸಿಬಿ ಇಳಿಸಿ ಜೊಂಡನ್ನೆಲ್ಲ ಒಂದೇ ಸಲ ಬೋಳಿಸಿದರೆ ಇವು ಗೂಡು ಕಟ್ಟುವುದೆಲ್ಲಿ? ಗೂಡಿನ ಕಾಲ ಮುಗಿದ ಮೇಲೆ, ಈ ವರ್ಷ ಒಂದು ಮೂಲೆ, ಮುಂದಿನ ವರ್ಷ ಇನ್ನೊಂದು ಮೂಲೆ ಎಂದು ಕತ್ತರಿಸಿದರೆ ಕೆರೆಯ ಹೂಳೂ ಕಡಿಮೆಯಾಗುತ್ತದೆ, ಹಕ್ಕಿಗೂ ಮರೆ ಉಳಿಯುತ್ತದೆ.