ನಂಬುವುದು ಮತ್ತು ನಂಬಿಗಸ್ತರಾಗುವುದು

ಬಿತ್ತನೆಯ ಕಾಲಕ್ಕೆ ಅಕ್ಕಲಕೋಟೆಯ ಪೇಟೆಗೆ ಬಂದ ರೈತನು ಎಷ್ಟೋ ಸಲ ಬೀಜವನ್ನು ಉದ್ರಿಯಾಗಿ ಒಯ್ಯುವನು. ಸುಗ್ಗಿಗೆ ಕೊಡುವೆನೆಂಬ ಮಾತಿನ ಹೊರತು ಆಗ ಅವನ ಬಳಿ ಬೇರೇನೂ ಇರುವುದಿಲ್ಲ. ಅಂಗಡಿಕಾರನು ರೈತನ ಮಾತನ್ನು ನಂಬುವನು. ರೈತನು ಮಳೆ ಕೊಡುವಾತನನ್ನು ನಂಬುವನು. ಒಂದು ಚೀಲ ಬೀಜದ ಹಿಂದೆ ಹೀಗೆ ಎರಡು ನಂಬಿಕೆಗಳಿರುತ್ತವೆ. ದೇವರನ್ನು ನಂಬುವುದಕ್ಕೂ ಮನುಷ್ಯರ ನಂಬಿಕೆಗೆ ಪಾತ್ರರಾಗುವುದಕ್ಕೂ ಇರುವ ಸಂಬಂಧವನ್ನು ಕ್ರೈಸ್ತ ಧರ್ಮವು ಹೇಗೆ ತಿಳಿದಿದೆಯೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆನು.

ಕನ್ನಡ ಬೈಬಲ್ಲಿನಲ್ಲಿ 'ನಂಬಿಕೆ', 'ನಂಬಿಗಸ್ತ' ಎಂಬ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಎರಡಕ್ಕೂ ಮೂಲವು 'ನಂಬು' ಎಂಬ ಒಂದೇ ಧಾತು. ಹೊಸ ಒಡಂಬಡಿಕೆಯ ಮೂಲವಾದ ಗ್ರೀಕಿನಲ್ಲಿ ನಂಬಿಕೆಗೂ ನಂಬಿಗಸ್ತಿಕೆಗೂ 'ಪಿಸ್ತಿಸ್' ಎಂಬ ಒಂದೇ ಶಬ್ದವುಂಟು. ಹಳೆಯ ಒಡಂಬಡಿಕೆಯ ಹೀಬ್ರೂ ಶಬ್ದ 'ಎಮುನಾ'. ಅಲುಗದೆ ನಿಲ್ಲುವುದು ಎಂಬುದು ಅದರ ಮೂಲಾರ್ಥ. ಪ್ರಾರ್ಥನೆಯ ಕೊನೆಗೆ ಹೇಳುವ 'ಆಮೆನ್' ಎಂಬುದೂ ಅದೇ ಧಾತುವಿನದು. ಅದಕ್ಕೆ ಸೋದರಸಮಾನವಾದ ಅರಬ್ಬಿ ಧಾತುವಿನಿಂದ ಬಂದ 'ಇಮಾನು', 'ಅಮಾನತ್ತು' ಎಂಬ ಮಾತುಗಳು ನಮ್ಮ ಸೊಲ್ಲಾಪುರದಲ್ಲಿ ಕನ್ನಡ, ಮರಾಠಿ, ಉರ್ದು ಮೂರರಲ್ಲಿಯೂ ಬಳಕೆಯಲ್ಲಿವೆ.

ವಿಮೋಚನಕಾಂಡದಲ್ಲಿ ಒಂದು ಪ್ರಸಂಗವಿದೆ. ಯುದ್ಧವು ನಡೆದಿರುವಾಗ ಮೋಶೆಯು ಗುಡ್ಡದ ಮೇಲೆ ಕೈಗಳನ್ನು ಎತ್ತಿ ಹಿಡಿದಿದ್ದನು. ಕೈಗಳು ಸೋತು ಇಳಿಯತೊಡಗಿದಾಗ ಆರೋನನೂ ಹೂರನೂ ಎರಡು ಬದಿಗೆ ನಿಂತು ಅವನ್ನು ಎತ್ತಿ ಹಿಡಿದರು. ಸೂರ್ಯಾಸ್ತದವರೆಗೆ ಕೈಗಳು ಸ್ಥಿರವಾಗಿದ್ದುವು. ಆ ಸ್ಥಿರತೆಗೆ ಮೂಲದಲ್ಲಿರುವ ಶಬ್ದವು 'ಎಮುನಾ' ಎಂಬುದೇ. ದೃಢವಾದುದನ್ನು ಆತುಕೊಂಡವನು ತಾನೂ ದೃಢನಾಗುವನೆಂಬುದು ಇದರಿಂದ ತಿಳಿಯುತ್ತದೆ.

ಯೇಸುವು ಹೇಳಿದ ತಲಾಂತುಗಳ ದೃಷ್ಟಾಂತವು ಇನ್ನೊಂದು ಸಂಗತಿಯನ್ನು ತೋರಿಸುತ್ತದೆ. ಪರದೇಶಕ್ಕೆ ಹೊರಟ ಧಣಿಯು ಮೂವರು ಆಳುಗಳಿಗೆ ಅವರವರ ಸಾಮರ್ಥ್ಯದಂತೆ ಐದು, ಎರಡು, ಒಂದು ತಲಾಂತುಗಳನ್ನು ಒಪ್ಪಿಸಿದನು. ಮೊದಲಿನ ಇಬ್ಬರು ವ್ಯಾಪಾರಮಾಡಿ ಅದನ್ನು ಇಮ್ಮಡಿಸಿದರು. ಮೂರನೆಯವನು ತನ್ನ ಪಾಲನ್ನು ನೆಲದಲ್ಲಿ ಹುಗಿದಿಟ್ಟನು. ಏಕೆ? ಧಣಿಯು ಕಠಿಣನೆಂದು ಅವನು ಭಾವಿಸಿ ಅಂಜಿದ್ದನು. ಅವನು ಕಳ್ಳನಲ್ಲ, ಕೊಟ್ಟುದನ್ನು ಹಾಗೆಯೇ ತಿರುಗಿ ಒಪ್ಪಿಸಿದನು. ಆದರೂ ಧಣಿಯನ್ನು ನಂಬದ ಕಾರಣ ಅವನು ನಂಬಿಗಸ್ತನಾಗಲಿಲ್ಲ. ಇಲ್ಲಿ ಇನ್ನೂ ಒಂದು ಮಾತನ್ನು ಗಮನಿಸಬೇಕು: ಆಳುಗಳು ಯೋಗ್ಯರೆಂದು ರುಜುವಾತಾಗುವ ಮೊದಲೇ ಧಣಿಯು ಅವರನ್ನು ನಂಬಿದ್ದನು.

ಲೋಕದ ರೀತಿಯು ಇದಕ್ಕೆ ವಿರುದ್ಧವಾದುದು. ಅದಕ್ಕೆ ನಮ್ಮ ಊರಿನಲ್ಲಿಯೇ ನಿದರ್ಶನವಿದೆ. ಆಂಗ್ಲ ಸರಕಾರವು 1871ರಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸುವ ಕಾಯದೆಯನ್ನು ಮಾಡಿತು. 1911ರ ಕಾಯದೆಯಿಂದ ಅದು ಮುಂಬಯಿ ಪ್ರಾಂತಕ್ಕೂ ವ್ಯಾಪಿಸಿತು. ಸೊಲ್ಲಾಪುರದ 'ಸೆಟ್ಲಮೆಂಟ್'ನಲ್ಲಿ ಅಂಥ ಕುಟುಂಬಗಳನ್ನು ತಂತಿಯ ಬೇಲಿಯೊಳಗಿಟ್ಟು, ಹಾಜರಿ ತೆಗೆದುಕೊಂಡು, ಗಿರಣಿಯ ಕೆಲಸಕ್ಕೆ ಕಳಿಸುತ್ತಿದ್ದರು. ಅಮೆರಿಕನ್ ಮರಾಠಿ ಮಿಷನ್ನಿನವರೂ ಕೆಲವು ವರ್ಷ ಅದರ ಆಡಳಿತವನ್ನು ವಹಿಸಿಕೊಂಡಿದ್ದರು. ಆದರೂ ಬೇಲಿಯು ಉಳಿಯಿತು. ನಡತೆ ಒಳ್ಳೆಯದೆಂದು ಕಂಡವರಿಗೆ ಮಾತ್ರ ಹೊರಗಿನ 'ಫ್ರೀ ಕಾಲನಿ'ಯಲ್ಲಿ ಇರಗೊಡುತ್ತಿದ್ದರು. ಮೊದಲು ಯೋಗ್ಯನಾಗು, ಆಮೇಲೆ ನಂಬುವೆನು ಎಂಬುದು ಆ ಕಾಯದೆಯ ನ್ಯಾಯ. 1952ರ ಆಗಸ್ಟ್ 31ರಂದು ಅದು ರದ್ದಾಯಿತು.

ಕಾಯದೆಯು ರದ್ದಾದರೂ ಸಂಶಯವು ರದ್ದಾಗಲಿಲ್ಲ. ಅದಕ್ಕೆ ನಾನೇ ಸಾಕ್ಷಿ. ನಾನು ಹೊಸದಾಗಿ ಶಿಕ್ಷಕನಾಗಿದ್ದಾಗ, ಪ್ರವಾಸಕ್ಕೆಂದು ಕೂಡಿಸಿದ ಹಣದಲ್ಲಿ ನೂರು ರೂಪಾಯಿಯ ಒಂದು ನೋಟು ಕಡಮೆ ಬಂದಿತು. ಸೆಟ್ಲಮೆಂಟಿನ ಕಡೆಯಿಂದ ಬರುತ್ತಿದ್ದ ಹುಡುಗನನ್ನೇ ಮೊದಲು ಕರೆದು ಅವನ ಚೀಲವನ್ನು ತೆರೆಯಿಸಿದೆನು. ಸಂಜೆಗೆ ಆ ನೋಟು ನನ್ನ ಹಾಜರಿ ಪುಸ್ತಕದ ಹಾಳೆಗಳ ನಡುವೆಯೇ ದೊರೆಯಿತು. ಮರುದಿನ ವರ್ಗದ ಎದುರಿಗೆ ಅವನ ಕ್ಷಮೆ ಬೇಡಿ, ಪುಸ್ತಕದ ಕಪಾಟಿನ ಕೀಲಿಕೈಯನ್ನು ಅವನ ಮುಂದೆ ಹಿಡಿದೆನು. ಅವನು ಒಡನೆ ತೆಗೆದುಕೊಳ್ಳಲಿಲ್ಲ. "ಪುಸ್ತಕ ಕಳೆದರ ಮತ್ತ ನನ್ನನ್ನ ಕೇಳತೀರೇನ್ರಿ, ಸರ್?" ಎಂದನು. ನನ್ನಿಂದ ಉತ್ತರವು ಹೊರಡಲಿಲ್ಲ. ತುಸು ಹೊತ್ತಿನ ಮೇಲೆ ಅವನೇ ಕೈ ಚಾಚಿದನು. ವರ್ಷದ ಕೊನೆಗೆ ಎಣಿಸಿದಾಗ ಒಂದು ಪುಸ್ತಕವು ಕಡಮೆಯಿದ್ದಿತು. ಅದನ್ನು ನಾನು ಮನೆಗೆ ಒಯ್ದಿರುವೆನೆಂದು ತಾರೀಖು ಸಹಿತ ಅವನ ವಹಿಯಲ್ಲಿ ಬರೆದಿದ್ದಿತು!

ನಾನು ಅವನನ್ನು ನಂಬಿದೆನೆಂದು ಹೇಳಿಕೊಳ್ಳುವುದು ಸುಲಭ. ನೋಯಿಸಿದ ನನ್ನನ್ನು ಅವನು ಮತ್ತೆ ನಂಬಿದುದೇ ದೊಡ್ಡದು.

ವಿದ್ಯಾರ್ಥಿಗಳೇ, ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ಹಾಗಿರುವನೆಂಬುದು ಯೇಸುವಿನ ಉಪದೇಶದ ತಾತ್ಪರ್ಯ. ಎರವು ತಂದ ಪುಸ್ತಕವನ್ನು ಹೇಳಿದ ದಿನವೇ ಮರಳಿಸಿರಿ; ತಪ್ಪಾದರೆ ಯಾರೂ ಕೇಳುವ ಮುನ್ನ ಒಪ್ಪಿಕೊಳ್ಳಿರಿ. ಶಿಕ್ಷೆಯ ಅಂಜಿಕೆ ಬಂದಾಗ, ಮೂರನೆಯ ಆಳಿನಂತೆ ಹುಗಿದಿಡದೆ, ನಾಳಿನ ಭಾರವನ್ನು ದೇವರಿಗೆ ಒಪ್ಪಿಸಿ ಇಂದಿನ ಸತ್ಯವನ್ನು ನುಡಿಯಿರಿ. ಪಾಲಕರೇ, ಕೂಸು ದೇವರನ್ನು ನಂಬಲು ಕಲಿಯುವುದು ತಾಯಿತಂದೆಗಳ ಮಾತು ಸುಳ್ಳಾಗದುದನ್ನು ಕಂಡೇ. ಹುಸಿಹೋಗುವ ಆಶ್ವಾಸನವನ್ನು ಕೊಡಬೇಡಿರಿ. ಚಿಕ್ಕ ಹೊಣೆಯೊಂದನ್ನು ಕೊಟ್ಟು, ಅವರ ಬೆನ್ನ ಹಿಂದೆ ಹೋಗಿ ಪರೀಕ್ಷಿಸಬೇಡಿರಿ. ಆರೋನ ಹೂರರಂತೆ ಬದಿಯಲ್ಲಿ ನಿಂತು, ಅವರ ಕೈ ಸೋತಾಗ ಎತ್ತಿ ಹಿಡಿದರೆ ಸಾಕು.