ಕರುಳಿಗೆ ಕಚ್ಚಿಕೊಳ್ಳುವ ರೋಗಾಣು

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿರುವ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ ವಿಶಾಲವಾದ ಕಾವಲು ಭೂಮಿ ಇದೆ. ಇಂಥ ಬಯಲಿನಲ್ಲಿ ಓಡಾಡಿ ಬಂದರೆ ಪಂಚೆ, ಸೀರೆಯ ಅಂಚಿಗೆ ಉತ್ತರಾಣಿ ಬೀಜ ಕಚ್ಚಿಕೊಳ್ಳುತ್ತದೆ. ಕೊಡವಿದರೆ ಬೀಳದು, ಒಂದೊಂದಾಗಿ ಕೀಳಬೇಕು. ರೋಗ ತರುವ ಬಹುತೇಕ ಬ್ಯಾಕ್ಟೀರಿಯಾಗಳು ನಮ್ಮ ದೇಹದೊಳಗೆ ಮೊದಲು ಮಾಡುವ ಕೆಲಸವೂ ಇದೇ.

ಹಿಡಿತ ಏಕೆ ಬೇಕು?

ದೇಹ ಸದಾ ತನ್ನನ್ನು ತಾನೇ ತೊಳೆದುಕೊಳ್ಳುತ್ತಿರುತ್ತದೆ. ಕಣ್ಣೀರು, ಜೊಲ್ಲು, ಮೂತ್ರ, ಕರುಳಿನ ಚಲನೆ ಇವೆಲ್ಲ ಸೂಕ್ಷ್ಮಜೀವಿಗಳನ್ನು ಹೊರಗೆ ಸಾಗಿಸುತ್ತವೆ. ಈ ಹರಿವಿನಲ್ಲಿ ಕೊಚ್ಚಿಹೋಗದೆ ನಿಲ್ಲಲು ಅನೇಕ ಬ್ಯಾಕ್ಟೀರಿಯಾಗಳ ಮೈಮೇಲೆ ‘ಪಿಲಸ್’ ಎಂಬ ಕೂದಲಿನಂಥ ಎಳೆಗಳಿವೆ. ಮೂತ್ರಕೋಶದ ಸೋಂಕಿಗೆ ಕಾರಣವಾಗುವ ಇ-ಕೋಲಿ ಬ್ಯಾಕ್ಟೀರಿಯಾದ ಎಳೆಯ ತುದಿಯಲ್ಲಿರುವ ಪ್ರೋಟೀನು, ಜೀವಕೋಶದ ಮೇಲಿನ ಮ್ಯಾನೋಸ್ ಎಂಬ ಸಕ್ಕರೆಯ ಅಣುವನ್ನು ಬೀಗಕ್ಕೆ ಕೀಲಿಕೈ ಕೂರುವಂತೆ ಹಿಡಿಯುತ್ತದೆ. ಎಲ್ಲ ಕೀಲಿಕೈಗಳೂ ಎಲ್ಲ ಬೀಗಗಳಿಗೆ ಹೊಂದುವುದಿಲ್ಲ. ಒಂದು ರೋಗಾಣು ಗಂಟಲನ್ನೂ ಇನ್ನೊಂದು ಕರುಳನ್ನೂ ಆರಿಸಿಕೊಳ್ಳಲು ಇದೂ ಒಂದು ಕಾರಣ.

ಕಾಲರಾ ಮಾಡುವುದೇನು?

ಕಲುಷಿತ ನೀರಿನೊಡನೆ ಹೊಟ್ಟೆ ಸೇರುವ ಕಾಲರಾ ರೋಗಾಣುಗಳಲ್ಲಿ ಅನೇಕವು ಜಠರದ ಆಮ್ಲದಲ್ಲಿ ಸಾಯುತ್ತವೆ. ಉಳಿದವು ಬಾಲ ಬೀಸುತ್ತ ಲೋಳೆಯನ್ನು ದಾಟಿ ಸಣ್ಣ ಕರುಳಿನ ಒಳಪದರಕ್ಕೆ ಅಂಟಿಕೊಂಡು, ಎಳೆಗಳಿಂದ ಒಂದಕ್ಕೊಂದು ಹೆಣೆದುಕೊಂಡು ಗುಂಪುಕಟ್ಟುತ್ತವೆ. ಅವು ಜೀವಕೋಶದೊಳಗೆ ನುಗ್ಗುವುದಿಲ್ಲ. ಅವು ಸುರಿಸುವ ವಿಷ ನುಗ್ಗುತ್ತದೆ. ಈ ವಿಷ ಇದೆಯೆಂದು 1959ರಲ್ಲಿ ತೋರಿಸಿದವರು ಕಲ್ಕತ್ತೆಯ ವಿಜ್ಞಾನಿ ಶಂಭುನಾಥ ಡೇ. ವಿಷ ತಗಲಿದ ಕೋಶಗಳು ಉಪ್ಪು, ನೀರನ್ನು ಹೊರಸುರಿಸುತ್ತವೆ. ಅಕ್ಕಿ ತೊಳೆದ ನೀರಿನಂಥ ಭೇದಿಯಾಗಿ, ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ಒದಗಬಹುದು.

ಕಲುಷಿತ ನೀರಿನ ಅಪಾಯವನ್ನು ನಮ್ಮ ಜಿಲ್ಲೆಗೆ ಬೇರೆಯವರು ಹೇಳಬೇಕಾಗಿಲ್ಲ. 2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ವಾಂತಿಭೇದಿಯಿಂದ ಅನೇಕರು ಆಸ್ಪತ್ರೆ ಸೇರಿದರು. ಕೆಲವರು ಪ್ರಾಣ ಕಳೆದುಕೊಂಡರು.

ಮನೆಯಲ್ಲಿ ಏನು ಮಾಡಬೇಕು?

ನೀರನ್ನು ಕುದಿಸಿ ಆರಿಸಿ, ಮುಚ್ಚಿಡಿ. ಬಿಂದಿಗೆಯೊಳಗೆ ಕೈ ಅದ್ದದೆ, ಹಿಡಿಯುಳ್ಳ ಸೌಟಿನಿಂದ ತೆಗೆಯಿರಿ. ಶೌಚದ ನಂತರ, ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಬರಿ ನೀರಿಗೆ ಬಿಡದ ರೋಗಾಣು, ಸೋಪಿನ ನೊರೆಗೆ ಹಿಡಿತ ಸಡಿಲಿಸುತ್ತದೆ.

‘ಭೇದಿಯಾಗುವಾಗ ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತದೆ’ ಎಂದು ಮಗುವಿಗೆ ನೀರು ತಡೆಯುವ ಹಿರಿಯರು ಇನ್ನೂ ಇದ್ದಾರೆ. ಇದು ಅಪಾಯಕರ ತಪ್ಪು. ಕಾಲರಾ ವಿಷ ತಗಲಿದ ಕರುಳೂ ಸಕ್ಕರೆ ಮತ್ತು ಉಪ್ಪನ್ನು ಜೊತೆಯಾಗಿ ಹೀರಬಲ್ಲದು. ಅವುಗಳ ಹಿಂದೆಯೇ ನೀರೂ ಒಳಸೇರುತ್ತದೆ. ಓ.ಆರ್.ಎಸ್. ಕೆಲಸ ಮಾಡುವುದು ಹೀಗೆ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಿ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಗುಟುಕು ಗುಟುಕಾಗಿ ಕುಡಿಸಿ, ಎದೆಹಾಲು ನಿಲ್ಲಿಸಬೇಡಿ.

ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ದಾರಿಯಲ್ಲಿಯೂ ಓ.ಆರ್.ಎಸ್. ಕುಡಿಸುತ್ತಲೇ ಇರಿ.